ಬೊಂಬೆಯ ಎದೆಗೆ ಕಿವಿಗೊಟ್ಟು

ರೋಗಿಯ ಎದೆಗೆ ಕಿವಿಗೊಡುವ ವಿದ್ಯೆಯನ್ನು ರೋಗಿಯೇ ಇಲ್ಲದ ಕೋಣೆಯಲ್ಲಿ ಕಲಿಯುವುದು ಮೇಲ್ನೋಟಕ್ಕೆ ದಡದ ಮೇಲೆ ಈಜು ಕಲಿತಂತೆ ಹಾಸ್ಯಾಸ್ಪದವಾಗಿ ತೋರಬಹುದಾದರೂ, ಅಲ್ಲಿ ಅಂಗಿಯಿಲ್ಲದೆ ಪವಡಿಸಿರುವ ಹಾರ್ವೆ ಮಹಾಶಯನ ಸಹವಾಸವಾದವರು ಹಾಗೆಂದು ನಗಲಾರರು. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಡಾ. ಮೈಕೆಲ್ ಗಾರ್ಡನ್ ಅವರು 1968ರಲ್ಲಿ ಲೋಕದ ಮುಂದಿರಿಸಿ, ತಮ್ಮ ಗುರು ಪ್ರಾಕ್ಟರ್ ಹಾರ್ವೆಯವರ ಹೆಸರನ್ನಿಟ್ಟ ಈ ಬೊಂಬೆಗೆ ಉಸಿರುಂಟು, ಕೊರಳಲ್ಲಿ ಅಲೆಯಾಡುವ ಸಿರೆಯುಂಟು, ಮಣಿಕಟ್ಟಿನಲ್ಲಿ ನಾಡಿಯುಂಟು. ಗುಂಡಿಯೊತ್ತಿದೊಡನೆ ಒಂದು ವ್ಯಾಧಿ ಅಳಿದು ಮತ್ತೊಂದು ತಲೆದೋರುವ ವಿಲಕ್ಷಣ ದೇಹಧರ್ಮವೂ ಉಂಟು.

ಒಳಹೊಕ್ಕೊಡನೆ ಸ್ಟೆತಾಸ್ಕೋಪನ್ನು ಕಿವಿಗೇರಿಸುವ, ವೈದ್ಯವಿದ್ಯಾರ್ಥಿಗಳಾದ ನಮ್ಮ ಆತುರಕ್ಕೆ ಮೇಷ್ಟ್ರು ಎಡೆಗೊಡುತ್ತಿರಲಿಲ್ಲ. "ಮೊದಲು ಕಣ್ಣು, ಆಮೇಲೆ ಕೈ, ಕಿವಿಯ ಸರದಿ ಕಡೆಗೆ ಕಣ್ರಯ್ಯ" ಎಂಬುದು ಅವರ ಕಟ್ಟಳೆ. ಅಂಗೈಯನ್ನು ಹರವಿಟ್ಟು ಹೃದಯಾಗ್ರದ ಮಿಡಿತವನ್ನರಸಿ, ಎಡಗಡೆಯ ಐದನೆಯ ಪಕ್ಕೆಸಂದಿನಲ್ಲಿ ಅದನ್ನು ಒಂದೇ ಬೆರಳ ತುದಿಗೆ ತಂದು ನಿಲ್ಲಿಸಿದ ಮೇಲಷ್ಟೇ ಶ್ರವಣಕ್ಕೆ ಅಪ್ಪಣೆ.

ಆ ಶ್ರವಣದಲ್ಲಿ ನನಗೆ ಎಂದೂ ಬೇಸರ ತಾರದ ಭಾಗವೆಂದರೆ ಹೃದಯದ ಎರಡನೆಯ ಸದ್ದಿನ ಸೀಳು. ಎದೆಮೂಳೆಯ ಎಡಕ್ಕೆ, ಎರಡನೆಯ ಪಕ್ಕೆಸಂದಿನಲ್ಲಿ ಕಿವಿಯನ್ನು ನೆಲೆಗೊಳಿಸಿ ಕಾದರೆ, ಉಸಿರೆಳೆದುಕೊಂಡಾಗ ಬಲಹೃದಯಕ್ಕೆ ರಕ್ತ ಹೆಚ್ಚಾಗಿ ಹರಿದು, ಶ್ವಾಸಕೋಶದ ಧಮನಿಯ ಕವಾಟವು ಮಹಾಧಮನಿಯ ಕವಾಟಕ್ಕಿಂತ ಕ್ಷಣದ ಒಂದು ಎಳೆಯಷ್ಟು ತಡವಾಗಿ ಮುಚ್ಚುವುದರಿಂದ, 'ಡಬ್' ಎಂಬ ಒಂದು ಸದ್ದು ಬಿರಿದು ಎರಡಾಗುತ್ತದೆ. ಉಸಿರು ಬಿಟ್ಟೊಡನೆ ಮತ್ತೆ ಒಂದಾಗುತ್ತದೆ. ಪುಸ್ತಕದಲ್ಲಿ ಇದನ್ನೋದಿದವರು ಬಹುಮಂದಿ, ಕೇಳಿದವರು ಕೆಲವರೇ. ಏಕೆಂದರೆ ಜ್ವರದಲ್ಲಿ ನರಳುತ್ತಿರುವವರ ಎದೆಯ ಮೇಲೆ ತಣ್ಣನೆಯ ಲೋಹವನ್ನಿಟ್ಟು, ನಮ್ಮ ರಸಾಸ್ವಾದಕ್ಕಾಗಿ ಅವರನ್ನು ಅರೆಗಳಿಗೆ ಕಾಯಿಸುವುದಕ್ಕೆ ಯಾರ ಮನಸ್ಸೂ ಒಪ್ಪದು. ಬೊಂಬೆಯಾದರೋ ಚಳಿಗೆ ಅದುರದು, ನಾಚದು, "ಏನಾಗಿದೆ ಸ್ವಾಮಿ?" ಎಂದು ಕಳವಳದಿಂದ ಕೇಳದು. ಕಿವಿಯ ಲೋಭಕ್ಕೆ ಇಷ್ಟು ಉದಾರನಾದ ಆತಿಥೇಯ ಮತ್ತೊಬ್ಬನಿಲ್ಲ.

ಹಾಗೆಂದು ಹಾರ್ವೆಯಿಂದ ಎಲ್ಲವೂ ಸಿದ್ಧಿಸುವುದಿಲ್ಲ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಾಸ್ಕೋಪಿನ ಗಂಟೆಯನ್ನು ತೊಗಲಿಗೆ ಸೋಕಿಯೂ ಸೋಕದಂತೆ ಇಟ್ಟಾಗ ಮಾತ್ರ ಕೇಳಿಬರುವ ಆ ಆಳದ ಗುಡುಗನ್ನು, ವಾರ್ಡಿನ ಗದ್ದಲದ ನಡುವೆಯೂ ಹೆಕ್ಕಿ ತೆಗೆಯುವುದು ರೋಗಿಗಳ ಬಳಿಯಲ್ಲೇ ಒಲಿಯಬೇಕಾದ ವಿದ್ಯೆ.

ನಮ್ಮ ಮೇಷ್ಟ್ರಿಗೆ ಹೆಸರು ಹೇಳದೆ ವ್ಯಾಧಿಯನ್ನು ಬದಲಿಸಿ, ನಮ್ಮ ಜಗಳವನ್ನು ನೋಡುತ್ತ ಕೂರುವುದರಲ್ಲಿ ಪರಮಪ್ರೀತಿ. ಕೇಳುತ್ತಿರುವ ಮರ್ಮರವು ಹೃದಯ ಸಂಕೋಚಿಸುವಾಗಿನದೋ ವಿಕಸಿಸುವಾಗಿನದೋ ಎಂದು ವಾಗ್ವಾದವೆದ್ದಾಗ, ಒಬ್ಬ ಜಾಣ ಸದ್ದಿಲ್ಲದೆ ಬೊಂಬೆಯ ಕೊರಳ ನಾಡಿಯ ಮೇಲೆ ಹೆಬ್ಬೆರಳಿಡುವನು. ಮಿಡಿತವೂ ಮರ್ಮರವೂ ಕೂಡಿಯೇ ಬಂದರೆ ವಾದ ಅಲ್ಲಿಗೆ ಮುಗಿಯಿತು. ಅದು ಕೊರಳಿನವರೆಗೂ ಏರಿರುವುದನ್ನಾಲಿಸಿ, ಮಹಾಧಮನಿಯ ಕವಾಟ ಕಿರಿದಾಗಿದೆಯೆಂದು ಸಾರಿದವನಿಗೆ ಅಂದಿನ ಕಾಫಿಯ ಖರ್ಚು ಉಳಿದವರದು.