ನಮ್ಮ ಹೆರಾಲ್ಡಿನ ಹೊಗೆ ಪುರಾಣ

ಹೈದರಾಬಾದಿನ ಕನ್ನಡಿಗರಲ್ಲಿ ಎರಡು ಬಗೆ: ಸ್ವಂತ ಮನೆ ಕಟ್ಟಿಸಿದವರು, ಕಟ್ಟಿಸಬೇಕೆಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವವರು. ನಾವು ಎರಡನೆಯ ಪಂಗಡದವರು. ಕೇಂದ್ರ ಸರಕಾರದ ಗುಮಾಸ್ತರಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಿಲ್ಲ. ಆದರೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಹೋದರೆ ನಮ್ಮನ್ನು ಗುರುತಿಸುವವರು ಬಹಳ. ಅದಕ್ಕೆ ಕಾರಣ ನಮ್ಮ ಮುಖವಲ್ಲ, ನಮ್ಮ ಕಾರು. 1968ರ ಸ್ಟ್ಯಾಂಡರ್ಡ್ ಹೆರಾಲ್ಡ್.

ಇದರ ವಂಶ ಸಾಮಾನ್ಯದ್ದಲ್ಲ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹೊರಬಂತು. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿಯವರು ಇಲ್ಲಿಯೇ ಮಾಡತೊಡಗಿದರು. ಇದೇ ಚಾಸಿಯನ್ನು ಮೊಟಕುಗೊಳಿಸಿ ಆಂಗ್ಲರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದರು. ಆದ್ದರಿಂದ ನಮ್ಮದು ಸ್ಪೋರ್ಟ್ಸ್ ಕಾರಿನ ಒಡಹುಟ್ಟಿದ ಅಣ್ಣ ಎಂದು ನಾವು ಬೀಗುವುದುಂಟು. ಎಂಜಿನ್ನು 948 ಸಿ.ಸಿ. ಮಾತ್ರ. ಮಾಸಬ್ ಟ್ಯಾಂಕ್ ಫ್ಲೈಓವರ್ ಹತ್ತುವಾಗ ಹಿಂದಿನ ಆಟೋದವರು ಈ ಬಾಂಧವ್ಯವನ್ನು ಒಪ್ಪುವುದಿಲ್ಲ.

ಕಲಬುರಗಿಯಲ್ಲಿ ನಮ್ಮ ತಂದೆಯವರು 1979ರಲ್ಲಿ ಡಾಕ್ಟರೊಬ್ಬರಿಂದ ಕೊಂಡ ಗಾಡಿ ಇದು. ತಂದೆಯವರು ಹೋದ ಮೇಲೆ ಅವ್ವ ನಮ್ಮೊಡನೆ ಇರಲು ಬಂದಾಗ ಕಬ್ಬಿಣದ ಕಪಾಟು, ಬೀಸುವ ಕಲ್ಲು, ಈ ಕಾರು ಮೂರೂ ಬಂದವು. ಕೊರೋನಾ ಕಾಲದಿಂದ ಈಚೆಗೆ ಅದು ತಾಡಪತ್ರಿ ಹೊದ್ದು ನಿಂತದ್ದೇ ಹೆಚ್ಚು. ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯುತ್ತ ಬಂತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದಕ್ಕೆ ಹೊಗೆ ತಪಾಸಣೆಯ ಕಾಗದ ಬೇಕು. ಐವತ್ತು ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ, ಆದರೆ ಹಾಗೆ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಅವ್ವನನ್ನು ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ಯುವುದನ್ನು ಪ್ರದರ್ಶನ ಎನ್ನಲಾದೀತೆ? ಚೌಮಹಲ್ಲಾ ಅರಮನೆಯಲ್ಲಿರುವ ನಿಜಾಮರ 1912ರ ರೋಲ್ಸ್ ರಾಯ್ಸಿಗೆ ಈ ತಾಪತ್ರಯವಿಲ್ಲ. ಅದು ನಿಂತಲ್ಲೇ ಜನರನ್ನು ಬರಮಾಡಿಕೊಳ್ಳುತ್ತದೆ.

ಗುಜರಿಯವನೊಬ್ಬ ಸುದ್ದಿ ತಿಳಿದು ಬಂದು, ಬಾಗಿಲು ತಟ್ಟಿ ನೋಡಿ, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದ. ಅವ್ವ ಒಳಗಿನಿಂದಲೇ, "ಅದನ್ನ ತೂಕಕ್ಕ ಹಾಕೂದಿದ್ರ ನನ್ನೂ ಅದರ ಕೂಡ ತಕ್ಕಡ್ಯಾಗ ಕೂಡಸು" ಎಂದರು. ಮೂವತ್ತು ವರ್ಷ ಅದರ ಎಡಗಡೆಯ ಸೀಟಿನಲ್ಲಿ ಕೂತವರು. ಗುಜರಿಯವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು.

ಪೆಟ್ರೋಲ್ ಬಂಕಿನ ಪಕ್ಕದ ತಪಾಸಣೆ ವ್ಯಾನಿಗೆ ಹೋದೆವು. ಹುಡುಗ ಸೈಲೆನ್ಸರಿನೊಳಗೆ ನಳಿಗೆ ತೂರಿಸಿದ. ನಮ್ಮ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 3, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1,500 ಭಾಗ, ಇದು ಮಿತಿ. ಯಂತ್ರ ತೋರಿಸಿದ್ದು 5.8 ಮತ್ತು 2,140. ಹುಡುಗ ನಮ್ಮನ್ನು ನೋಡಿದ. ನಾವು ಯಂತ್ರವನ್ನು ನೋಡಿದೆವು.

ಪಕ್ಕದಲ್ಲಿದ್ದ ಮಹಾನುಭಾವರೊಬ್ಬರು ಪುಕ್ಕಟೆ ಸಲಹೆ ಕೊಟ್ಟರು: ನಳಿಗೆಯನ್ನು ತಮ್ಮ ಹೊಸ ಕಾರಿಗೆ ಹಾಕಿಸುವುದು, ನಂಬರು ಮಾತ್ರ ನಮ್ಮದು ಬರೆಸುವುದು. ಕೇಳಲು ಹಿತವಾಗಿತ್ತು. ಆದರೆ ಬಿ.ಎಸ್ಸಿ.ಯಲ್ಲಿ ಕಲಿತ ರಸಾಯನಶಾಸ್ತ್ರ ಅಷ್ಟಿಷ್ಟು ಉಳಿದಿದೆ. ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ನಮ್ಮ ಹೆರಾಲ್ಡಿನ ನೆಲದಲ್ಲಿ ತುಕ್ಕು ತಿಂದ ತೂತುಗಳೂ ಇದ್ದವು. ಗಾಡಿಯಲ್ಲಿ ಕೂತು ಬಂದಾಗಲೆಲ್ಲ ಅವ್ವ ತಲೆಸುತ್ತು ಎನ್ನುತ್ತಿದ್ದರು. ವಯಸ್ಸಿನದೆಂದು ಡಾಕ್ಟರರೂ ಹೇಳಿದ್ದರು. ನಮ್ಮ ಶ್ರೀಮತಿಯವರು ಒಂದೇ ಮಾತು ಕೇಳಿದರು: "ಏನ್ರೀ, ಕಾಗದ ಪಾಸಾದರೆ ಅತ್ತೆಯವರ ತಲೆಸುತ್ತು ನಿಲ್ಲುತ್ತದೆಯೇ?"

ಸಿಕಂದರಾಬಾದಿನ ರಾಣಿಗಂಜ್ ಭಾಗದಲ್ಲಿ ಹಳೆಯ ಮೇಸ್ತ್ರಿಯೊಬ್ಬರಿದ್ದಾರೆ. ಬಾನೆಟ್ಟನ್ನು ಮುಂದಕ್ಕೆ ಮಗುಚಿದರು (ಹೆರಾಲ್ಡಿನ ಮುಂಭಾಗವೆಲ್ಲ ಮೊಸಳೆಯ ಬಾಯಿಯಂತೆ ಒಟ್ಟಿಗೇ ತೆರೆದುಕೊಳ್ಳುತ್ತದೆ), ಒಂದು ಪ್ಲಗ್ ಬಿಚ್ಚಿ ಮೂಸಿದರು. "ಸಾಬ್, ಇನೆ ಪೀತೀ ಜ್ಯಾದಾ, ಪಚಾತೀ ಕಮ್" ಎಂದರು. ಕುಡಿಯುವುದು ಹೆಚ್ಚು, ಅರಗಿಸುವುದು ಕಡಿಮೆ! ನಮ್ಮ ಪ್ರಾಧ್ಯಾಪಕರು ಎರಡು ಪೀರಿಯಡ್ ತೆಗೆದುಕೊಂಡು ಹೇಳಿದ್ದು ಇದನ್ನೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ಹದಿನೈದು ಕಿಲೋ ಗಾಳಿ ಬೇಕು. ಗಾಳಿ ಸಾಲದಾದರೆ ಅರೆಬೆಂದ ಇಂಗಾಲ ಮಾನಾಕ್ಸೈಡಾಗಿ ಹೊರಬರುತ್ತದೆ, ಬೇಯದೆ ಉಳಿದ ಪೆಟ್ರೋಲ್ ಹೈಡ್ರೋಕಾರ್ಬನ್ನಾಗಿ ಬರುತ್ತದೆ.

ತಪ್ಪು ಕಾರ್ಬೊರೇಟರಿನಲ್ಲಿತ್ತು. ಅದರೊಳಗೆ ಮನೆಯ ನೀರಿನ ಟ್ಯಾಂಕಿನಲ್ಲಿರುವಂತೆಯೇ ಒಂದು ತೇಲುವ ಬುರುಡೆ. ಪೆಟ್ರೋಲ್ ತುಂಬಿದೊಡನೆ ಅದು ಮೇಲೆದ್ದು ಸೂಜಿಯೊಂದನ್ನು ಒತ್ತಿ ದಾರಿ ಮುಚ್ಚಬೇಕು. ಆ ಸೂಜಿ ಸವೆದು, ಪೆಟ್ರೋಲ್ ಹರಿಯುತ್ತಲೇ ಇತ್ತು. ರಾಣಿಗಂಜಿನ ಅಂಗಡಿಗಳನ್ನು ಸುತ್ತಿ ಹೊಂದುವ ಸೂಜಿ ಹುಡುಕಲು ನಮ್ಮ ಎರಡು ಸಿ.ಎಲ್. ಹೋದವು. ಸೂಜಿಯ ಬೆಲೆ ಕೇಳಿದರೆ ನಗುತ್ತೀರಿ, ಸಿ.ಎಲ್.ನ ಬೆಲೆ ಗುಮಾಸ್ತರಿಗೇ ಗೊತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಎಥನಾಲ್ ಬೆರೆಸುತ್ತಾರಷ್ಟೆ. ಅದರಲ್ಲಿ ಆಮ್ಲಜನಕವಿರುವುದರಿಂದ ಮಾನಾಕ್ಸೈಡ್ ತಗ್ಗಲು ಅದು ಸಹಾಯವನ್ನೇ ಮಾಡುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಮಾತ್ರ ತಿನ್ನುತ್ತದೆ. ಪೈಪು ಬದಲಾಯಿತು, ಪ್ಲಗ್ ಹೊಸದಾಯಿತು, ಪಾಯಿಂಟಿನ ಸಂದು ಸರಿಯಾಯಿತು, ನೆಲದ ತೂತಿಗೆ ತಗಡಿನ ತೇಪೆ ಬಿತ್ತು.

ತಣ್ಣಗಿನ ಎಂಜಿನ್ನು ಹೆಚ್ಚು ಹೊಗೆಯುಗುಳುತ್ತದೆಂದು ಮೇಸ್ತ್ರಿ ಎಚ್ಚರಿಸಿದ್ದರಿಂದ, ಟ್ಯಾಂಕ್ ಬಂಡಿನ ಮೇಲೆ ಹುಸೇನ್ ಸಾಗರ ಸುತ್ತಿ, ಎಂಜಿನ್ನು ಬಿಸಿಯಿದ್ದಂತೆಯೇ ಅದೇ ವ್ಯಾನಿಗೆ ಹೋದೆವು. ಶ್ರೀಮತಿಯವರು ಕಣ್ಣು ಮುಚ್ಚಿ ಶರಣಬಸವೇಶ್ವರರನ್ನು ನೆನೆದರು. ಮಾನಾಕ್ಸೈಡ್ 2.4, ಹೈಡ್ರೋಕಾರ್ಬನ್ 1,180. ಹುಡುಗ ಫೋಟೋ ಹಿಡಿದು, ಕಾಗದ ಮುದ್ರಿಸಿ ಕೊಟ್ಟು, "ಆರು ತಿಂಗಳಿಗೆ ಮತ್ತೆ ಬನ್ನಿ" ಎಂದು ತೆಲುಗಿನಲ್ಲಿ ಹೇಳಿದ. ಸಾರಿಗೆ ಕಚೇರಿಯ ತಪಾಸಣೆಯೂ ಆ ವಾರದಲ್ಲೇ ಆಯಿತು. ಐದು ವರ್ಷ ಸಿಕ್ಕಿತು.

ಅವ್ವನ ತಲೆಸುತ್ತು ಪೂರ್ತಿ ನಿಂತಿಲ್ಲ, ಆದರೆ ಕಾರಿನಿಂದ ಇಳಿದಾಗ ಬರುತ್ತಿದ್ದುದು ಈಗ ಬರುವುದಿಲ್ಲ. ಬರುವ ಜಾತ್ರೆಗೆ ಕಲಬುರಗಿಗೆ ಇದರಲ್ಲೇ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಇನ್ನೂರು ಕಿಲೋಮೀಟರಿಗೂ ಮೇಲು, ಮೇಸ್ತ್ರಿಯವರನ್ನು ಕೇಳಬೇಕು. ಹಳೆಯ ಗಾಡಿ ಇಟ್ಟುಕೊಂಡಿರುವ ಬಂಧುಗಳು ಯಾರಾದರೂ ಇದ್ದರೆ, ಸೂಜಿ ಸಿಕ್ಕಿದ ಅಂಗಡಿಯ ಗುರುತನ್ನು ಸಂತೋಷದಿಂದ ಹೇಳುತ್ತೇವೆ. ಮದುವೆಯ ಮೆರವಣಿಗೆಗೆ ಕಾರು ಎರವಲು ಕೇಳುವವರು ಮಾತ್ರ ಮೊದಲು ಅವ್ವನನ್ನು ಒಪ್ಪಿಸಬೇಕು.