ಕೆಸಿಕ್‌ನಲ್ಲಿ ಕರಿಯನ ಹೆಜ್ಜೆಗೆ ಹೆಜ್ಜೆ

ನಮ್ಮ ಮಕ್ಕಳಿಗೆ ದಸರಾ ರಜೆ ಇರುವಂತೆ ಇಂಗ್ಲೆಂಡಿನ ಮಕ್ಕಳಿಗೆ ಅಕ್ಟೋಬರ್ ಕೊನೆಗೆ ಒಂದು ವಾರ ಶಾಲೆಗೆ ರಜೆ. ಅದನ್ನು ‘ಹಾಫ್ ಟರ್ಮ್’ ಎನ್ನುತ್ತಾರೆ. ಬೊಂಬೆ ಕೂರಿಸುವುದಿಲ್ಲ, ಬನ್ನಿ ಹಂಚುವುದಿಲ್ಲ. ಆದರೆ ಆ ವಾರ ಅಲ್ಲಿನ ಮರಗಳೇ ಹಬ್ಬದ ಸೀರೆ ಉಟ್ಟಂತೆ ಕಾಣುತ್ತವೆ. ಎಲೆಯೆಲ್ಲ ಉದುರಿ ಚಳಿಗಾಲ ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಜನ ಬೂಟು, ಮಳೆಕೋಟು, ನಾಯಿ ಮೂರನ್ನೂ ಕಾರಿಗೆ ತುಂಬಿಕೊಂಡು ಹೊರಡುತ್ತಾರೆ.

ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾವೂ ಹಾಗೇ ಹೊರಟೆವು. ಹೋಗಿದ್ದು ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರ ಸೀಮೆಗೆ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಅದರ ಉತ್ತರ ಭಾಗದ ಪುಟ್ಟ ಪೇಟೆಯಲ್ಲಿ ನಮ್ಮ ಬಿಡಾರ. ಊರಿನ ಹೆಸರನ್ನು ‘ಕೆಸ್ವಿಕ್’ ಎಂದು ಬರೆಯುತ್ತಾರೆ, ‘ಕೆಸಿಕ್’ ಎಂದು ಕರೆಯುತ್ತಾರೆ. ನಾಯಿಗಳನ್ನು ಇಷ್ಟು ಆದರದಿಂದ ನೋಡುವ ಊರನ್ನು ನಾನು ಕಂಡಿರಲಿಲ್ಲ. ಅಂಗಡಿಗಳ ಬಾಗಿಲಲ್ಲಿ ನಾಯಿಗೆಂದೇ ನೀರಿನ ಬಟ್ಟಲು. ನಾವು ಇಳಿದುಕೊಂಡ ಮನೆಯಲ್ಲಂತೂ ಕೆಸರುಗಾಲು ಒರೆಸಲು ಎರಡು ಹಳೆಯ ಟವೆಲ್ ಮಡಿಸಿ ಇಟ್ಟಿದ್ದರು.

ಆರು ಜನರ ತಂಡ ನಮ್ಮದು. ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು, ನಾನು. ಜೊತೆಗೆ ಕರಿಯ ಮತ್ತು ಜಿಂಜರ್. ಜಿಂಜರ್ ಪಕ್ಕದ ಮನೆಯವರ ಸ್ಪ್ಯಾನಿಯಲ್, ಎರಡು ವರ್ಷದ ಪೋರಿ. ಮನೆಯವರು ಸ್ಪೇನಿಗೆ ಹೋಗಿದ್ದರಿಂದ ನಮ್ಮ ಪಾಲಿಗೆ ಬಂದವಳು. ಕರಿಯನೋ ಬೆಂಗಳೂರಿನವನು. ಹದಿಮೂರು ವರ್ಷದ ಕೆಳಗೆ ಜಯನಗರದಲ್ಲಿ ತರಕಾರಿ ಗಾಡಿಯ ಕೆಳಗೆ ಮಳೆಯಲ್ಲಿ ನಡುಗುತ್ತಿದ್ದ ಮರಿ. ಮಗಳು ಲಂಗದ ಮಡಿಲಲ್ಲಿ ಎತ್ತಿಕೊಂಡು ಬಂದಿದ್ದಳು. ಮೂರು ವರ್ಷದ ನಂತರ ಅವಳು ಇಂಗ್ಲೆಂಡಿಗೆ ಹೊರಟಾಗ ಅವನನ್ನೂ ಕರೆದೊಯ್ದಳು. ಅದು ಸುಲಭದ ಕೆಲಸವಲ್ಲ. ಮೈಕ್ರೋಚಿಪ್ ಹಾಕಿಸಬೇಕು, ರೇಬೀಸ್ ಲಸಿಕೆ ಕೊಡಿಸಬೇಕು, ಲಸಿಕೆ ಹತ್ತಿದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು, ಆಮೇಲೆ ಮೂರು ತಿಂಗಳು ಕಾಯಬೇಕು. ‘ಬೀದಿ ನಾಯಿಗೆ ಇಷ್ಟೆಲ್ಲಾನಾ?’ ಎಂದು ನೆಂಟರು ನಕ್ಕಿದ್ದರು.

ಕರಿಯನಿಗೆ ಇವತ್ತಿಗೂ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ‘ಬಾರೋ’ ಎಂದರೆ ಬರುತ್ತಾನೆ, ‘ಕೂತ್ಕೋ’ ಎಂದರೆ ಕೂರುತ್ತಾನೆ. ‘ಕಮ್’ ಎಂದರೆ ಬೇರೆ ಯಾರನ್ನೋ ಕರೆದರು ಎಂಬಂತೆ ತಲೆ ತಿರುಗಿಸುತ್ತಾನೆ. ಅಲ್ಲೇ ಹುಟ್ಟಿದ ಮೊಮ್ಮಗಳು ಮೊದಲು ಕಲಿತ ಕನ್ನಡ ಅವನಿಂದಲೇ. ನಮ್ಮ ಜೊತೆ ಇಂಗ್ಲಿಷಿಗೆ ಜಾರುವ ಹುಡುಗಿ ಅವನ ಜೊತೆ ಮಾತ್ರ ಅಪ್ಪಟ ಕನ್ನಡ ಆಡುತ್ತಾಳೆ.

ಈಗ ಅವನ ಹಿಂಗಾಲಿನ ಕೀಲುಗಳಿಗೆ ವಾತ ಹಿಡಿದಿದೆ. ‘ನಡೆಸುವುದನ್ನು ನಿಲ್ಲಿಸಬೇಡಿ. ಆದರೆ ಒಂದೇ ಸಲ ದೂರ ಬೇಡ; ಸಮನೆಲದಲ್ಲಿ ಸ್ವಲ್ಪ ಸ್ವಲ್ಪವೇ, ನಡುವೆ ವಿಶ್ರಾಂತಿ’ ಎಂದು ವೈದ್ಯರು ಹೇಳಿದ್ದರು. ಹೀಗಾಗಿ ಆ ದಿನದ ದಾರಿಯನ್ನು ನಕಾಶೆ ನೋಡಿ ಆರಿಸಿದ್ದು ನಾವಲ್ಲ, ಕರಿಯನ ಕಾಲು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು, ಹೀಗೆ ಮೂರು ಪುಟ್ಟ ನಡಿಗೆ.

ಮೊದಲನೆಯದು ಫ್ರಯರ್ಸ್ ಕ್ರ್ಯಾಗ್. ಪೇಟೆಯಿಂದ ಡರ್ವೆಂಟ್‌ವಾಟರ್ ಸರೋವರದ ದಂಡೆ ಹಿಡಿದು ಹೋದರೆ ಸಿಗುವ ಬಂಡೆಯ ಮೂಗು. ರಾತ್ರಿ ಸುರಿದ ಮಳೆ ನಿಂತಿತ್ತು. ಸುಮಾರು ಐದು ಕಿಲೋಮೀಟರ್ ಉದ್ದದ ಸರೋವರದ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ನೋಡನೋಡುತ್ತ ಅದು ಒಡೆದು ದ್ವೀಪಗಳು ಒಂದೊಂದಾಗಿ ಹೊರಬಂದವು. ಬೆಟ್ಟದ ಇಳಿಜಾರಿನ ಜರಿಗಿಡಗಳೆಲ್ಲ ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ನಡುನಡುವೆ ಲಾರ್ಚ್ ಮರಗಳು ಅರಿಶಿನ ಮೆತ್ತಿಕೊಂಡು ನಿಂತಿದ್ದವು. ಲಾರ್ಚ್ ಸೂಜಿ ಎಲೆಯ ಮರವಾದರೂ ಉಳಿದ ಪೈನ್‌ಗಳಂತಲ್ಲ. ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗುತ್ತದೆ. ಉದುರಿದ ಸೂಜಿಗಳು ಜಿಂಜರಳ ರೋಮಕ್ಕೆಲ್ಲ ಅಂಟಿ ಅವಳೇ ಒಂದು ಪುಟ್ಟ ಪೊದೆಯಾದಳು.

ಆ ಬಂಡೆಯ ಬಳಿ ಲೇಖಕ ಜಾನ್ ರಸ್ಕಿನ್‌ನ ಸ್ಮಾರಕ ಶಿಲೆಯಿದೆ, 1900ರಲ್ಲಿ ನಿಲ್ಲಿಸಿದ್ದು. ಮಗುವಾಗಿದ್ದಾಗ ದಾದಿ ತನ್ನನ್ನು ಇಲ್ಲಿಗೆ ಕರೆತಂದದ್ದೇ ತನ್ನ ಬದುಕಿನ ಮೊದಲ ನೆನಪು ಎಂದು ಆತ ಬರೆದುಕೊಂಡಿದ್ದಾನೆ. ಎದುರಿಗೆ ಕಾಣುವ ಸೇಂಟ್ ಹರ್ಬರ್ಟ್ ದ್ವೀಪ ಮಕ್ಕಳಿಗೆ ಇನ್ನೊಂದು ಕಾರಣಕ್ಕೆ ಗೊತ್ತು. ಪೀಟರ್ ರ್‍ಯಾಬಿಟ್ ಕತೆಯ ಬಿಯಾಟ್ರಿಕ್ಸ್ ಪಾಟರ್ ರಜೆಗೆಂದು ಈ ಸರೋವರದ ದಂಡೆಯಲ್ಲಿ ತಂಗುತ್ತಿದ್ದಳು. 1903ರಲ್ಲಿ ಬಂದ ಅವಳ ‘ಸ್ಕ್ವಿರಲ್ ನಟ್ಕಿನ್’ ಕತೆಯಲ್ಲಿ ಅಳಿಲುಗಳು ತೆಪ್ಪದಲ್ಲಿ ಹೋಗುವ ಗೂಬೆಯ ದ್ವೀಪ ಇದೇ. ‘ಅಜ್ಜಿ, ಬಾಲ ಎತ್ತಿ ಹಾಯಿ ಮಾಡ್ಕೊಂಡು ಹೋಗ್ತಾವೆ ಗೊತ್ತಾ?’ ಎಂದು ಮೊಮ್ಮಗಳು ಕೈಯನ್ನೇ ಬಾಲ ಮಾಡಿ ತೋರಿಸಿದಳು.

ಎರಡನೆಯ ನಡಿಗೆಗೆ ಸರೋವರದ ಆಚೆ ದಡಕ್ಕೆ ಹೋಗಬೇಕು. ಪ್ರಯಾಣಿಕರ ದೋಣಿಗಳು ಸುತ್ತಲಿನ ಕಡವುಗಳನ್ನೆಲ್ಲ ಮುಟ್ಟುತ್ತ ಸುತ್ತು ಹಾಕುತ್ತವೆ. ನಾಯಿಗಳೂ ಹತ್ತಬಹುದು. ನಮ್ಮ ಎದುರು ಪುಟ್ಟ ಟೆರಿಯರ್ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡ ಮುದುಕಿಯೊಬ್ಬರು ಕೂತಿದ್ದರು. ಕರಿಯನ ಮಡಚಿದ ಕಿವಿ, ಸುರುಳಿ ಬಾಲ ನೋಡಿ, ‘ಇದು ಯಾವ ತಳಿ?’ ಎಂದು ಮೊಮ್ಮಗಳನ್ನು ಕೇಳಿದರು. ಅವಳು ಗಂಭೀರವಾಗಿ ‘ಜಯನಗರ’ ಎಂದಳು. ‘ಓ, ಕೇಳಿದ್ದೇನೆ, ಅಪರೂಪದ ತಳಿಯಲ್ಲವೇ!’ ಎಂದು ಆಕೆ ಆದರದಿಂದ ಅವನ ತಲೆ ಸವರಿದರು. ಅಳಿಯ ನಗು ತಡೆಯಲು ಸರೋವರದ ಕಡೆ ಮುಖ ತಿರುಗಿಸಿದರು.

ಹಾಸ್ ಎಂಡ್ ಎಂಬ ಕಡವಿನಲ್ಲಿ ಇಳಿದೆವು. ಅಲ್ಲಿಂದ ಎರಡು ದಾರಿ. ಒಂದು ಕ್ಯಾಟ್‌ಬೆಲ್ಸ್ ಬೆಟ್ಟಕ್ಕೆ. ಎತ್ತರ 451 ಮೀಟರ್. ಮಕ್ಕಳೂ ಹತ್ತುವ ಬೆಟ್ಟ, ತುದಿಯಲ್ಲಿ ಮಾತ್ರ ಕೈಯೂರಿ ಹತ್ತುವ ಬಂಡೆಗಳಿವೆ. ಇನ್ನೊಂದು ನೀರಿನ ಅಂಚಿನಲ್ಲೇ ಬ್ರಾಂಡಲ್‌ಹೌ ಕಾಡಿಗೆ. ಅಪ್ಪ, ಮಗಳು ಜಿಂಜರ್ ಜೊತೆ ಬೆಟ್ಟ ಹತ್ತುವುದು, ನಾವಿಬ್ಬರು ಕರಿಯನೊಡನೆ ದಡದಲ್ಲಿ ನಡೆಯುವುದು ಎಂದು ಹಿಂದಿನ ರಾತ್ರಿಯೇ ತೀರ್ಮಾನವಾಗಿತ್ತು. ಮೊಮ್ಮಗಳು ತಿಂಗಳಿಂದ ಇದೇ ಬೆಟ್ಟದ ಜಪ ಮಾಡಿದ್ದಳು. ಕವಲಿನಲ್ಲಿ ಅವಳು ಹತ್ತು ಹೆಜ್ಜೆ ಮೇಲೆ ಹೋದಳು. ಕರಿಯ ಅವಳ ಹಿಂದೆಯೇ ಹೊರಟ; ನಾಲ್ಕು ಹೆಜ್ಜೆ ಹತ್ತಿ ಹಿಂಗಾಲು ನಡುಗಿ ಕೂತುಬಿಟ್ಟ. ಕೂತಲ್ಲಿಂದಲೇ ಅವಳನ್ನು ನೋಡುತ್ತಿದ್ದ, ಬೊಗಳಲಿಲ್ಲ.

ಹುಡುಗಿ ಬೆಟ್ಟವನ್ನು ನೋಡಿದಳು, ಅವನನ್ನು ನೋಡಿದಳು. ಕೆಳಗಿಳಿದು ಬಂದು ಅವನ ಹಗ್ಗ ತೆಗೆದುಕೊಂಡಳು. ‘ಮುಂದಿನ ವರ್ಷಾನೂ ಬೆಟ್ಟ ಇಲ್ಲೇ ಇರುತ್ತೆ’ ಎಂದಳು. ನಾವು ಯಾರೂ ಅದಕ್ಕೆ ಏನೂ ಹೇಳಲಿಲ್ಲ. ಅಳಿಯನೊಬ್ಬರೇ ಜಿಂಜರಳನ್ನು ಕರೆದುಕೊಂಡು ಬೆಟ್ಟ ಹತ್ತಿದರು.

ದಡದ ದಾರಿ ಮೊದಲು ಕುರಿಗಳ ಹುಲ್ಲುಗಾವಲನ್ನು ಹಾದು ಹೋಗುತ್ತದೆ. ಇಂಗ್ಲೆಂಡಿನ ಒಂದು ಸೊಗಸೆಂದರೆ ಈ ಸಾರ್ವಜನಿಕ ಕಾಲುದಾರಿಗಳು. ಜಮೀನು ರೈತನದು, ನಡೆಯುವ ಹಕ್ಕು ಎಲ್ಲರದು. ಆ ಹಕ್ಕಿಗೆ ತಕ್ಕ ನಿಯಮಗಳೂ ಇವೆ. ತೆರೆದ ಬೆಟ್ಟಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ಮತ್ತು ದನ–ಕುರಿ ಹತ್ತಿರವಿರುವಲ್ಲಿ ವರ್ಷವಿಡೀ, ನಾಯಿಯನ್ನು ಎರಡು ಮೀಟರಿಗಿಂತ ಉದ್ದವಿಲ್ಲದ ಹಗ್ಗದಲ್ಲಿ ಹಿಡಿದಿರಬೇಕು. ಕೃಷಿ ಭೂಮಿಯಲ್ಲಿ ನಾಯಿ ಕುರಿಗಳನ್ನು ಅಟ್ಟಿಸಿಕೊಂಡು ಹೋಗಲು ಬಿಡುವುದು 1953ರ ಕಾಯ್ದೆಯ ಪ್ರಕಾರ ಅಪರಾಧ. ಕಚ್ಚಬೇಕೆಂದಿಲ್ಲ, ಅಟ್ಟಿದರೂ ಸಾಕು, ಗಬ್ಬದ ಕುರಿ ಗಾಬರಿಗೆ ಕಂದು ಹಾಕಬಹುದು. ನಾಯಿಯ ಹೇಲನ್ನು ಚೀಲದಲ್ಲಿ ಎತ್ತಿಕೊಂಡು ಹೋಗುವುದೂ ಬರೀ ಸ್ವಚ್ಛತೆಗಲ್ಲ. ಅದರಲ್ಲಿರಬಹುದಾದ ಒಂದು ಪರೋಪಜೀವಿ ಹುಲ್ಲಿನ ಮೂಲಕ ಹಸುವಿನ ಹೊಟ್ಟೆ ಸೇರಿದರೆ ಗರ್ಭಪಾತವಾಗುವುದುಂಟು.

ಅಲ್ಲಿನ ಹರ್ಡ್‌ವಿಕ್ ಕುರಿಗಳ ಕತೆಯೇ ಬೇರೆ. ಹುಟ್ಟುವಾಗ ಮರಿ ಕಪ್ಪು, ಬೆಳೆದಂತೆ ಮೈ ಬೂದು, ಮುಖ ಬಿಳಿ. ಬೇಲಿಯಿಲ್ಲದ ಬೆಟ್ಟದಲ್ಲಿ ಮೇಯುತ್ತಿದ್ದರೂ ತಮ್ಮ ಪಾಲಿನ ಜಾಗ ಬಿಟ್ಟು ಅಲೆಯುವುದು ಕಡಿಮೆ. ಯಾವುದು ನಮ್ಮ ಜಾಗ ಎಂಬುದನ್ನು ತಾಯಿಯಿಂದ ಮರಿ ಕಲಿಯುತ್ತದೆ. 2001ರಲ್ಲಿ ಕಾಲುಬಾಯಿ ಜ್ವರ ಹರಡಿ ಈ ಸೀಮೆಯ ಸಾವಿರಾರು ಕುರಿಗಳನ್ನು ಕೊಲ್ಲಬೇಕಾಯಿತು. ಆಗ ಹೋದದ್ದು ಬರೀ ಕುರಿಯಲ್ಲ, ಆ ಕಲಿಕೆಯೂ ಹೌದು. ಸಂತೆಯಿಂದ ತಂದ ಹೊಸ ಕುರಿಗೆ ಬೆಟ್ಟದ ಗುರುತಿರುವುದಿಲ್ಲವಲ್ಲ! ಪಾಟರ್ ಅಜ್ಜಿಯೂ ಹರ್ಡ್‌ವಿಕ್ ಸಾಕಿದವಳೇ. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಿಟ್ಟುಹೋದಳು.

ಆ ಸಂಸ್ಥೆ ಶುರುವಾದದ್ದು 1895ರಲ್ಲಿ. ಸ್ಥಾಪಿಸಿದ ಮೂವರಲ್ಲಿ ಒಬ್ಬರು ಕೆಸಿಕ್‌ನ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲೀ. ಸರೋವರದ ದಡಗಳೆಲ್ಲ ಸಿರಿವಂತರ ಬಂಗಲೆಗಳಾಗಿ ಬೇಲಿ ಬಿದ್ದರೆ ಬಡವರು ಎಲ್ಲಿ ನಡೆಯಬೇಕು ಎಂಬುದು ಅವರ ಚಿಂತೆಯಾಗಿತ್ತು. ನಾವು ಹೊಕ್ಕ ಬ್ರಾಂಡಲ್‌ಹೌ ಕಾಡನ್ನು 1902ರಲ್ಲಿ ಜನರಿಂದ ಚಂದಾ ಎತ್ತಿ ಕೊಂಡರು. ಸರೋವರ ಸೀಮೆಯಲ್ಲಿ ಟ್ರಸ್ಟ್ ಕೊಂಡ ಮೊದಲ ನೆಲ ಇದು. ನೂರು ವರ್ಷ ತುಂಬಿದ ನೆನಪಿಗೆ 2002ರಲ್ಲಿ ಇಲ್ಲೊಂದು ಮರದ ಶಿಲ್ಪ ಇಟ್ಟಿದ್ದಾರೆ: ಬೊಗಸೆಯೊಡ್ಡಿದ ಎರಡು ದೊಡ್ಡ ಕೈಗಳು. ನಾವು ಬುತ್ತಿ ಬಿಚ್ಚಿದ್ದು ಅದರ ಹತ್ತಿರವೇ. ನಮಗೆ ಈರುಳ್ಳಿ ಹಾಕಿದ ಚಿತ್ರಾನ್ನ, ಕರಿಯನಿಗೆ ಬರೀ ಮೊಸರನ್ನ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮೂರೂ ನಾಯಿಗೆ ವಿಷ. ಪ್ರೀತಿಯಿಂದ ಕೊಡುವವರು ಇದನ್ನು ನೆನಪಿಡಬೇಕು.

ಕರಿಯನ ವೇಗದಲ್ಲಿ ನಡೆದರೆ ಒಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಪ್ರತಿ ಬೇರನ್ನೂ ಮೂಸಬೇಕು, ಪ್ರತಿ ತೊರೆಯಲ್ಲೂ ನಿಲ್ಲಬೇಕು. ಅವನು ನಿಂತಲ್ಲೆಲ್ಲ ನಾವೂ ನಿಂತೆವು. ಓಕ್ ಮರದ ಬುಡದಲ್ಲಿ ಕಾಯಿ ಹೂತಿಡುತ್ತಿದ್ದ ಅಳಿಲನ್ನು ಕಂಡದ್ದು, ಪಾಚಿಯ ಮೇಲೆ ಗುಂಡಿಯಂಥ ಅಣಬೆಗಳನ್ನು ಎಣಿಸಿದ್ದು, ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತದ್ದನ್ನು ನೋಡಿದ್ದು ಎಲ್ಲ ಹೀಗೆ ನಿಂತದ್ದರಿಂದಲೇ. ಬೆಟ್ಟದಿಂದ ಇಳಿದು ಬಂದ ಅಳಿಯ ‘ಮೇಲೆ ಬರೀ ಮಂಜು, ಏನೂ ಕಾಣಲಿಲ್ಲ’ ಎಂದರು. ಮಗಳ ಸಮಾಧಾನಕ್ಕೆ ಹಾಗೆಂದರೋ ನಿಜವೋ, ನಾನು ಕೇಳಲಿಲ್ಲ.

ಕೊನೆಯ ನಡಿಗೆ ಸಂಜೆ, ಕಾಸಲ್‌ರಿಗ್ ಶಿಲಾವೃತ್ತಕ್ಕೆ. ಅದು ಊರಿನ ಪೂರ್ವಕ್ಕಿರುವ ದಿಬ್ಬದ ಮೇಲಿದೆ. ಪಕ್ಕದ ರಸ್ತೆಯವರೆಗೂ ಕಾರು ಹೋಗುವುದರಿಂದ ಕರಿಯನಿಗೆ ಕಷ್ಟವಿಲ್ಲ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಯಾರೋ ಮೂವತ್ತೆಂಟರಷ್ಟು ಕಲ್ಲುಗಳನ್ನು ದುಂಡಗೆ ನಿಲ್ಲಿಸಿದ್ದಾರೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಕಂಡವರಿಗೆ ಇಲ್ಲೂ ಅದೇ ಮೌನ ತಟ್ಟುತ್ತದೆ. ಸುತ್ತ ಬೆಟ್ಟಗಳು ಇನ್ನೊಂದು ದೊಡ್ಡ ವೃತ್ತದಂತೆ ನಿಂತಿವೆ. ಉತ್ತರಕ್ಕೆ 931 ಮೀಟರ್ ಎತ್ತರದ ಸ್ಕಿಡಾ. ಕಲ್ಲುಗಳ ನಡುವೆ ಕುರಿಗಳು ಮೇಯುತ್ತಿದ್ದವು. ಜಿಂಜರ್ ಹಗ್ಗ ಜಗ್ಗಿ ಕುಣಿದಳು, ಅಳಿಯ ಗಟ್ಟಿಯಾಗಿ ಹಿಡಿದರು. ಕರಿಯ ಮಾತ್ರ ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲಿಗೆ ಬೆನ್ನು ಕೊಟ್ಟು ಮಲಗಿದ. ಮೂರು ಮಾರು ದೂರದಲ್ಲಿ ಮೇಯುತ್ತಿದ್ದ ಕುರಿ ತಲೆಯೆತ್ತಿ ಅವನನ್ನು ನೋಡಿ ಮತ್ತೆ ಮೇಯತೊಡಗಿತು. ಮೊಮ್ಮಗಳು ಪಕ್ಕದಲ್ಲಿ ಕೂತು ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಕನ್ನಡದಲ್ಲೇ ಇದ್ದಿರಬೇಕು.

ಅಕ್ಟೋಬರ್ ಕೊನೆಯ ಭಾನುವಾರ ಆ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು. ಇಂಥ ಉದ್ದನೆಯ ಸಂಜೆ ಮತ್ತೆ ಮಾರ್ಚ್‌ನಲ್ಲೇ. ಬೆಳಕು ಪೂರ್ತಿ ಮಂದವಾಗುವವರೆಗೂ ಯಾರೂ ‘ಹೊರಡೋಣ’ ಎನ್ನಲಿಲ್ಲ. ಕೊನೆಗೆ ಕರಿಯನೇ ಎದ್ದು ಮೈ ಕೊಡವಿದ. ಎಲ್ಲರೂ ಗೇಟು ದಾಟಿದ ಮೇಲೆ ಮೊಮ್ಮಗಳು ಹಿಂದೆ ಉಳಿದು ಅದನ್ನು ಎಳೆದು ಮುಚ್ಚಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಅಲುಗಿಸಿ ನೋಡಿದಳು. ಒಳಗೆ ಕುರಿಗಳಿದ್ದವಲ್ಲ!