ಒಂದು ದೇಶ, ಎರಡು ಪಟ್ಟಿ

1970ರ ನವೆಂಬರ್ 20. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ. ದಕ್ಷಿಣ ಆಫ್ರಿಕಾದಿಂದ ಬಂದವರು ಇಬ್ಬರು. ಬಿಳಿ ಹುಡುಗಿ ಜಿಲಿಯನ್ ಜೆಸಪ್ ಎದೆ ಮೇಲಿನ ಪಟ್ಟಿಯಲ್ಲಿ 'ಸೌತ್ ಆಫ್ರಿಕಾ'. ಬಿಳಿಯಳಲ್ಲದ ಪರ್ಲ್ ಜಾನ್ಸೆನ್‌ಗೆ 'ಆಫ್ರಿಕಾ ಸೌತ್'! ವರ್ಣಭೇದದ ವಿರುದ್ಧ ಗಲಾಟೆ ಜೋರಾದಾಗ ಸಂಘಟಕರು ಹುಡುಕಿದ ಉಪಾಯ ಇದು. ದೇಶದ ಹೆಸರನ್ನೇ ಹಿಂದುಮುಂದು ಮಾಡಿ ಕೊಟ್ಟುಬಿಟ್ಟರು.

ಇದನ್ನ ಮೊದಲು ಓದಿದಾಗ ನಮ್ಮೂರ ಹೋಟೆಲ್ಲು ನೆನಪಾಯ್ತು. ಟೀ ಒಂದೇ, ಕುದಿಯೋ ಪಾತ್ರೆಯೂ ಒಂದೇ. ಅಪ್ಪನ ಲೋಟ ಮಾತ್ರ ಹೊರಗಡೆ ಗೂಡಲ್ಲಿ. ಕುಡಿದಾದ ಮೇಲೆ ಅಪ್ಪನೇ ತೊಳೆದಿಡಬೇಕು. "ನಿಮ್ಗೂ ಟೀ ಕೊಡ್ತಿಲ್ವೇನ್ಲಾ?" ಅಂತ ಬೇರೆ ಕೇಳೋರು.

ಅವತ್ತು ಗೆದ್ದದ್ದು ಗ್ರೆನಡಾದ ಕಪ್ಪು ಹುಡುಗಿ ಜೆನಿಫರ್ ಹೋಸ್ಟನ್. ಪರ್ಲ್ ಎರಡನೇ ಸ್ಥಾನ, ಜೆಸಪ್ ಐದನೇದು. ಹೆಂಗಸರನ್ನ ದನದ ಸಂತೆಯ ಹಾಗೆ ನಿಲ್ಲಿಸ್ತೀರಾ ಅಂತ ಸ್ತ್ರೀವಾದಿಗಳು ಅದೇ ಸಭಾಂಗಣದಲ್ಲಿ ಹಿಟ್ಟಿನ ಪೊಟ್ಟಣ ಎಸೆದರು. ಅವರ ಸಿಟ್ಟು ಸರಿಯೇ, ನಾನೂ ಅವರ ಕಡೆಯೇ. ಆದರೂ ಗೆಳೆಯರೇ, ನನ್ನ ಕಣ್ಣು ಪರ್ಲ್ ಮೇಲಿಂದ ಕದಲಲ್ಲ. ತನ್ನದೇ ದೇಶದ ಬಿಳಿ ಹುಡುಗಿಯನ್ನ ಹಿಂದಿಕ್ಕಿದಾಗಲೂ ಆಕೆ ಎದೆ ಮೇಲಿದ್ದದ್ದು ಆ ತಿರುಚಿದ ಹೆಸರೇ.